ಪಾತಾಳಣ್ಣನ ಬಲಗಿವಿ ಮತ್ತು ಒಂದು ಒಣಗುಂಡಿ

ನೀರು ಸರಬರಾಜು ಕಚೇರಿಯಲ್ಲಿ ಅವನ ಹುದ್ದೆಗೆ ಒಂದೂವರೆ ಸಾಲಿನ ಹೆಸರಿದೆ. ಅದು ಸಂಬಳದ ಚೀಟಿ ಬಿಟ್ಟು ಬೇರೆಲ್ಲೂ ಕಾಣಿಸಿಕೊಳ್ಳುವುದಿಲ್ಲ. ಊರಿಗೆಲ್ಲ ಅವನು ಪಾತಾಳಣ್ಣ. ರಸ್ತೆಯ ಕೆಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ಮೇಲೆ ನಿಂತು ಕೇಳಿ ಹೇಳುವುದು ಅವನ ಕೆಲಸ. ಕಚೇರಿಯೆಂದ ಮೇಲೆ ಸೋರಿಕೆ ಇದ್ದದ್ದೇ. ಅದರ ಸದ್ದು ಕೇಳಿದರೆ ಉಳಿದವರೆಲ್ಲ ಬೇರೆ ಕಡೆ ನೋಡುತ್ತಾರೆ. ಅದನ್ನು ಹುಡುಕಿಕೊಂಡು ಹೋಗಲಿಕ್ಕೆಂದೇ ಸಂಬಳ ಪಡೆಯುವವನು ಇವನೊಬ್ಬನೇ.

ಅವನ ಆಸ್ತಿ ಎದೆಯೆತ್ತರದ ಒಂದು ಉಕ್ಕಿನ ಕೋಲು. ಒಂದು ತುದಿಯನ್ನು ರಸ್ತೆಯ ಮೇಲೋ ವಾಲ್ವಿನ ತಲೆಯ ಮೇಲೋ ಊರುತ್ತಾನೆ. ಇನ್ನೊಂದು ತುದಿಯ ಮರದ ಬಿಲ್ಲೆಗೆ ಬಲಗಿವಿ ಆನಿಸಿ ಕಣ್ಣು ಮುಚ್ಚುತ್ತಾನೆ. ಯಾವಾಗಲೂ ಬಲಗಿವಿಯೇ. ಎಡಗಿವಿ ಮನೆಗೆ, ಬಲಗಿವಿ ಇಲಾಖೆಗೆ ಎಂದು ಅವನೇ ತಮಾಷೆ ಮಾಡುತ್ತಿದ್ದ. ಗುಳುಗುಳು ಅಂದರೆ ಚರಂಡಿ, ಗುಂಯ್ ಅಂದರೆ ಯಾರದೋ ಮನೆಯ ಮೋಟಾರು, ಸುಯ್ ಅಂದರೆ ಸೋರಿಕೆ. ಸುಯ್ ಎಲ್ಲಿ ಅತಿ ಜೋರಾಗಿ ಕೇಳಿಸುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆಯುತ್ತಾನೆ. ಮೊದಲ ಗುದ್ದಲಿ ಏಟಿಗೇ ವೃತ್ತ ಹಾರಿಹೋಗುವುದರಿಂದ, ಅದರ ನೇರಕ್ಕೆ ರಸ್ತೆಯಂಚಿನ ಕಲ್ಲಿನ ಮೇಲೆ ಒಂದು ಬಾಣವನ್ನೂ ಹಾಕುತ್ತಾನೆ. ಬಾಣವೇ ಸಾಕ್ಷಿ. ನಾಳೆ ಜಗಳವಾದರೆ ಎಲ್ಲರೂ ನೋಡುವುದು ಅದನ್ನೇ.

ಅಗೆದಾಗ ಪೈಪು ಒಣಗಿದ್ದರೆ ಅದಕ್ಕೆ ಒಣಗುಂಡಿ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಪಾತಾಳಣ್ಣನ ಪಾಲಿಗೆ ಬಂದ ಒಣಗುಂಡಿಗಳು ಮೂರು. ಆ ಮೂರರ ತಾರೀಕೂ ಅವನಿಗೆ ಬಾಯಿಪಾಠ. ಮದುವೆಯ ದಿನವನ್ನು ಮಾತ್ರ ಹೆಂಡತಿಯನ್ನು ಕೇಳಿ ಹೇಳುತ್ತಾನೆ.

ಅಗೆಯುವ ಗ್ಯಾಂಗಿನ ಮೇಸ್ತ್ರಿ ಅವನ ಹೆಂಡತಿಯ ತಮ್ಮ. ಮೇಸ್ತ್ರಿ ಎಂದರೆ ಹಂಗಾಮಿ ಮೇಸ್ತ್ರಿ. ಮುಂದಿನ ತಿಂಗಳು ಖಾಯಂ ಆಗುವುದಿತ್ತು. ಈ ಬಾಮೈದ ಕೆಲಸಕ್ಕೆ ಸೇರಿದ ದಿನದಿಂದ ಭಾವ ತೋರಿಸಿದಲ್ಲಿ ಅಗೆಯುತ್ತಾ ಬಂದವನು. ಭಾವ ಮನೆಯ ಅಡಿಪಾಯ ತೋರಿಸಿದ್ದರೂ ಅಗೆಯುತ್ತಿದ್ದ.

ಆ ಸೋಮವಾರ ಬೆಳಿಗ್ಗೆ ಪಾತಾಳಣ್ಣ ಏಳುವಾಗ ಬಲಗಿವಿಗೆ ಯಾರೋ ಹತ್ತಿ ತುರುಕಿದಂತಿತ್ತು. ನೆಗಡಿ ಇರಬೇಕು ಎಂದುಕೊಂಡ. ಆಕಳಿಸಿದ, ಮೂಗು ಹಿಡಿದು ಊದಿದ, ಅಂಗೈಯಿಂದ ಪಟಪಟ ಬಡಿದ. ಬಲಗಡೆ ನಿಂತು ಹೆಂಡತಿ ಏನೋ ಹೇಳಿದಳು. ಇವನು "ಹೂಂ" ಅಂದ. ಹೂಂ ಅನ್ನುವುದಕ್ಕೆ ಗಂಡಸಿಗೆ ಕಿವಿಯ ಅಗತ್ಯವೇನೂ ಇರುವುದಿಲ್ಲ.

ಆರೂವರೆಗೆ ಅವನು ಮುದ್ರಣಾಲಯದ ರಸ್ತೆಯಲ್ಲಿದ್ದ. ಆ ಬೀದಿಯ ಮನೆಗಳ ನಲ್ಲಿಗಳಲ್ಲಿ ನೀರು ದಾರದಷ್ಟು ಬರುತ್ತಿದೆ ಎಂದು ದೂರಿತ್ತು. ಎಂಟು ಗಂಟೆಯ ಮೇಲೆ ಅಲ್ಲಿ ಗುದ್ದಲಿ ಎತ್ತುವಂತಿಲ್ಲ. ಶಾಲೆಯ ಬಸ್ಸುಗಳು ಶುರುವಾಗುತ್ತವೆ. ಟೈಲರ್ ಅಂಗಡಿಯ ಮುಂದೆ ಕೋಲು ಊರಿ ಬಲಗಿವಿ ಆನಿಸಿದ. ಸುಯ್! ಅಷ್ಟು ಸ್ಪಷ್ಟವಾದ, ಅಷ್ಟು ತುಂಬಿದ ಸುಯ್ ಅವನು ವರ್ಷಗಳಿಂದ ಕೇಳಿರಲಿಲ್ಲ. ನಾಲ್ಕು ಹೆಜ್ಜೆ ಆಚೆ ಊರಿದ, ಅಲ್ಲೂ ಅಷ್ಟೇ ಸುಯ್. ಈಚೆ ಊರಿದ, ಇಲ್ಲೂ ಅಷ್ಟೇ. ಬೇರೆ ದಿನವಾಗಿದ್ದರೆ ಇದು ಹೇಗೆ ಸಾಧ್ಯ ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಕಿವಿ ಕಟ್ಟಿಕೊಂಡಿದೆ ಎಂದು ಬೆಳಗಿನಿಂದ ಹೆದರಿದ್ದವನಿಗೆ, ಅದು ಇಷ್ಟು ಚೆನ್ನಾಗಿ ಕೇಳಿಸಿದ್ದೇ ದೊಡ್ಡ ಸಮಾಧಾನವಾಗಿತ್ತು. ಭಾರಿ ಸೋರಿಕೆ, ಅದಕ್ಕೇ ಬೀದಿಗೆಲ್ಲ ಕೇಳಿಸುತ್ತಿದೆ ಎಂದುಕೊಂಡು ಟೈಲರ್ ಅಂಗಡಿಯ ಮುಂದೆಯೇ ವೃತ್ತ ಬರೆದ, ಬಾಣ ಹಾಕಿದ.

"ಇಷ್ಟು ಬೇಗ ಸಿಕ್ಕಿಬಿಡ್ತಾ ಭಾವ?" ಎಂದ ಬಾಮೈದ.

"ಕೆಳಗೆ ಬಾಯ್ಬಿಟ್ಕೊಂಡು ಕೂಗ್ತಿದೆ ಕಣೋ. ಅಗಿಸು, ನೀನೂ ಬಾಯಿಬಿಡಬೇಡ."

ನಾಲ್ಕು ಜನ ಅಗೆಯತೊಡಗಿದರು. ಬಾಮೈದ ಎಲ್ಲರಿಗೂ ಚಹಾ ತರಲು ಹೋದ. ಸೊಂಟದಾಳಕ್ಕೆ ಪೈಪು ಸಿಕ್ಕಿತು. ಅದರ ಸುತ್ತಲ ಮಣ್ಣು ಕೈಗೆ ಅಂಟದಷ್ಟು ಒಣಗಿತ್ತು. ಪಾತಾಳಣ್ಣ ತಾನೇ ಗುಂಡಿಗಿಳಿದು ಪೈಪಿಗೆ ಕೋಲು ಆನಿಸಿದ. ಸುಯ್. ಕೋಲು ತೆಗೆದ. ಸುಯ್. ಮೇಲೆ ಹತ್ತಿ ಬಂದು ರಸ್ತೆಯ ನಡುವೆ ಬರಿಗೈಯಲ್ಲಿ ನಿಂತ. ಸುಯ್. ಅಂಗೈಯಿಂದ ಬಲಗಿವಿ ಮುಚ್ಚಿದ. ಆಗಲೂ ಸುಯ್. ಎಡಗಿವಿ ಮುಚ್ಚಿದ, ಬೀದಿಗೆ ಬೀದಿಯೇ ಮಾಯವಾಗಿ ಸುಯ್ ಒಂದೇ ಉಳಿಯಿತು.

ಸೋರುತ್ತಿದ್ದುದು ರಸ್ತೆಯಲ್ಲ, ಅವನ ತಲೆ.

ಇದು ಅರ್ಥವಾದ ಕ್ಷಣದಲ್ಲೇ ಮೂಲೆಯಲ್ಲಿ ಇಂಜಿನಿಯರ್ ಸಾಹೇಬರ ಸ್ಕೂಟರ್ ತಿರುಗಿದ್ದು ಕಾಣಿಸಿತು. ಅಗೆಯುವವರೆಲ್ಲ ಗುಂಡಿಯೊಳಗೆ ತಲೆ ಬಗ್ಗಿಸಿ ಮಣ್ಣು ಕೆದಕುತ್ತಿದ್ದರು. ಟೈಲರ್ ಇನ್ನೂ ಬಾಗಿಲು ತೆಗೆದಿರಲಿಲ್ಲ. ಪಾತಾಳಣ್ಣನ ಬಲಗಾಲು ತಾನಾಗಿಯೇ ಎದ್ದಂತೆ ಎದ್ದು ಕಲ್ಲಿನ ಮೇಲಿನ ಬಾಣವನ್ನು ಉಜ್ಜಿತು. ಕೈ ಬಗ್ಗಿ ಒಂದೂವರೆ ಹೆಜ್ಜೆ ಆಚೆ ಇನ್ನೊಂದು ಬಾಣ ಹಾಕಿತು. ಒಂದು ಸೀನಿಗೆ ಹಿಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಇಪ್ಪತ್ತೆರಡು ವರ್ಷದ ಹೆಸರು ನಿಂತಿದ್ದುದು ಆ ಬಾಣದ ಮೊನೆಯ ಮೇಲೆ ನೋಡಿ, ಅವನು ಹೆಸರನ್ನೇ ಎತ್ತಿ ಆಚೆ ಇಟ್ಟುಕೊಂಡ.

"ಏನ್ರೀ ಪಾತಾಳ, ಒಣಗುಂಡಿನಾ?" ಎಂದರು ಸಾಹೇಬರು.

"ಗುರುತು ಅಲ್ಲಿದೆ ಸಾರ್. ಇವರು ಇಲ್ಲಿ ಅಗೆದಿದ್ದಾರೆ."

ಬಾಮೈದ ಚಹಾದ ಕೆಟಲ್ ಹಿಡಿದು ಬಂದವನು ಅಲ್ಲೇ ನಿಂತ. ಗುಂಡಿ ನೋಡಿದ, ಬಾಣ ನೋಡಿದ, ಭಾವನ ಮುಖ ನೋಡಿದ.

"ಬಾಣ ಅಲ್ಲಿತ್ತಾ ಭಾವ?"

"ಯಾಕೆ, ಕಣ್ಣಿಗೆ ಕಾಣಿಸ್ತಿಲ್ವಾ?"

ಬಾಮೈದ ಇನ್ನೊಮ್ಮೆ ನೋಡಿದ. ತನ್ನ ಕಣ್ಣು ಒಂದು ಹೇಳುತ್ತಿತ್ತು, ಭಾವನ ಬಾಯಿ ಇನ್ನೊಂದು. ಅವನು ಬಾಯಿಯನ್ನು ನಂಬಿದ. "ನಾನೇ ಸರಿಯಾಗಿ ನೋಡ್ಲಿಲ್ಲ ಸಾರ್," ಎಂದ. ಕೆಟಲ್ ಕೆಳಗಿಡುವುದೂ ಅವನಿಗೆ ಮರೆತಿತ್ತು.

ಅಷ್ಟರಲ್ಲಿ ಎಂಟು ಹೊಡೆಯಿತು. ಗುಂಡಿ ಮುಚ್ಚಿ, ಹೊಸ ಬಾಣದ ಹತ್ತಿರ ನಾಳೆ ಅಗೆಯಬೇಕೆಂದು ತೀರ್ಮಾನವಾಯಿತು. ನೀರು ನಾಳೆಯವರೆಗೆ ಕಾಯಲಿಲ್ಲ. ಮಧ್ಯಾಹ್ನ ಪೈಪು ಪೂರಾ ಒಡೆದು ಮುದ್ರಣಾಲಯದ ನೆಲಮಾಳಿಗೆಗೆ ನುಗ್ಗಿತು. ಯಾವುದೋ ಪರೀಕ್ಷೆಗೆಂದು ಅಚ್ಚಾಗಿದ್ದ ಉತ್ತರಪತ್ರಿಕೆಗಳ ಕಟ್ಟುಗಳೆಲ್ಲ, ಯಾವ ವಿದ್ಯಾರ್ಥಿಯೂ ಮುಟ್ಟುವ ಮೊದಲೇ, ತೊಯ್ದು ಮುದ್ದೆಯಾದವು. ಪೈಪು ಒಡೆದ ಜಾಗ ಆ ಎರಡನೆಯ ಬಾಣದಿಂದ ಎರಡೇ ಹೆಜ್ಜೆ ಆಚೆಗಿತ್ತು. ಬಚ್ಚಿಟ್ಟುಕೊಳ್ಳಲು ಓಡಿದ ಸುಳ್ಳು ಹೋಗಿ ನಿಂತದ್ದು ನಿಜದ ಮನೆಯ ಮುಂದೆಯೇ.

"ನೋಡಿ, ಪಾತಾಳನ ಮಾತಿನ ಪ್ರಕಾರ ಅಗೆದಿದ್ದರೆ ಇಷ್ಟೆಲ್ಲ ಆಗ್ತಿರಲಿಲ್ಲ," ಎಂದು ಸಾಹೇಬರು ಎಲ್ಲರೆದುರು ಹೇಳಿದರು. "ಆ ಕಿವಿಗೊಂದು ನಮಸ್ಕಾರ." ಮುದ್ರಣಾಲಯದವರಿಗೆ ತೋರಿಸಲು ಒಂದು ಕುತ್ತಿಗೆ ಬೇಕಿತ್ತು. ಬಾಮೈದನದು ಸಿಕ್ಕಿತು. ಇಪ್ಪತ್ತು ದಿನ ಅಮಾನತು. ಖಾಯಂ ಆಗುವ ಮಾತು ಆಮೇಲೆ ನೋಡೋಣ.

ಜಾಣಗಿವುಡು ಎಂಬುದನ್ನು ನಾವೆಲ್ಲ ಬಲ್ಲೆವು. ಕೇಳಿಸಿದರೂ ಕೇಳಿಸದಂತೆ ಇರುವುದು. ಪಾತಾಳಣ್ಣನಿಗೆ ಈಗ ಅದರ ತಿರುವುಮುರುವಾದ ವಿದ್ಯೆ ಕಲಿಯಬೇಕಾಯಿತು. ಕೇಳಿಸದಿದ್ದರೂ ತಲೆಯಾಡಿಸುವುದು, ಎಲ್ಲರ ಬಲಗಡೆಗೆ ಬಂದು ನಿಲ್ಲುವುದು, ಜನ ನಕ್ಕಾಗ ನಗುವುದು. ಕೋಲನ್ನು ಎಡಗಿವಿಗೆ ಹಿಡಿದು ನೋಡಿದ. ಎಡಗಿವಿಗೆ ಅನುಭವವಿರಲಿಲ್ಲ; ಹೊಸದಾಗಿ ಸೇರಿದ ಗುಮಾಸ್ತನ ಹಾಗೆ ಎಲ್ಲಕ್ಕೂ ಹೌದು ಅನ್ನುತ್ತಿತ್ತು. ಆ ವಾರ ಬಂದ ದೂರುಗಳಿಗೆಲ್ಲ "ಇನ್ನೊಮ್ಮೆ ಕೇಳಬೇಕು" ಎಂದು ಬರೆದು ದಿನ ದೂಡಿದ. ನಿಜಕ್ಕೂ ತೊಂದರೆ ಕೊಟ್ಟದ್ದು ಬೇರೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವ ಸೌಲಭ್ಯ ಅವನಿಗೆ ತಪ್ಪಿಹೋಗಿತ್ತು. ಕೇಳಿದ್ದೆಲ್ಲ ಒಳಗೇ ಉಳಿಯುತ್ತಿತ್ತು.

ಗುರುವಾರ ಬಾಮೈದ ಮನೆಗೆ ಬಂದ. ಮೂಗಿನ ಮೇಲೆ ಹೊಸ ಕನ್ನಡಕ.

"ಇದೇನೋ ಇದು?" ಎಂದ ಪಾತಾಳಣ್ಣ.

"ಕಣ್ಣಿನ ಡಾಕ್ಟ್ರು ನಂಬರೇ ಇಲ್ಲ ಅಂದ್ರು ಭಾವ. ನಾನೇ ಹಟ ಹಿಡಿದು ಹಾಕಿಸ್ಕೊಂಡೆ. ಒಂದೂವರೆ ಹೆಜ್ಜೆ ತಪ್ಪೋದು ಅಂದ್ರೆ ಏನು ತಮಾಷೆನಾ? ಆ ಬಾಣ ನಾನು ನೋಡಿದ್ದೆ ಭಾವ. ಟೈಲರ್ ಬಾಗಿಲಿಗೆ ನೇರವಾಗಿ ನೋಡಿದ್ದೆ ಅಂತ್ಲೇ ನನ್ನ ತಲೇಲಿದೆ. ಕಣ್ಣು ಹೀಗೆ ಮೋಸ ಮಾಡುತ್ತೆ ಅಂದ್ರೆ ಹೆದರಿಕೆ ಆಗುತ್ತೆ."

ಹೆಂಡತಿ ತಮ್ಮನ ಮುಂದೆ ಲೋಟ ಕುಕ್ಕಿದಳು. "ನಿನ್ನ ಭಾವ ಕಿವಿಯಿಂದಲೇ ನೆಲದೊಳಗೆ ನೋಡ್ತಾರೆ. ನೀನು ಎರಡು ಕಣ್ಣು ಇಟ್ಕೊಂಡು ನೆಲದ ಮೇಲಿಂದು ನೋಡ್ಲಿಲ್ಲ. ಇವರ ಹೆಸರು ಕೆಡಿಸೋಕೆ ಅಂತಲೇ ಹುಟ್ಟಿದೀಯ."

"ಬಿಡೇ, ಆಗಿದ್ದು ಆಯ್ತು," ಎಂದ ಪಾತಾಳಣ್ಣ. ಆ ಉದಾರ ಮಾತಿಗೆ ಬಾಮೈದನ ಕಣ್ಣು, ಕನ್ನಡಕದ ಹಿಂದೆ, ಒದ್ದೆಯಾಯಿತು. ಪಾತಾಳಣ್ಣ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಸುಮ್ಮನೆ ನಿಂತ. ನೀರು ಬೀಳುವುದು ಕಾಣಿಸುತ್ತಿತ್ತು. ಅದರ ಸದ್ದು ಯಾವುದು, ತನ್ನೊಳಗಿನ ಸದ್ದು ಯಾವುದು ಎಂದು ತಿಳಿಯಲಿಲ್ಲ.

ಗಂಡನಿಗೆ ಕಿವಿ ಕೇಳಿಸುತ್ತಿಲ್ಲ ಎಂಬುದನ್ನು ಹೆಂಡತಿ ಕಂಡುಹಿಡಿಯುವುದು ಕಷ್ಟ. ಹೊರಗಿನ ಲಕ್ಷಣಗಳಲ್ಲಿ ಅಂದಿಗೂ ಇಂದಿಗೂ ಹೆಚ್ಚಿನ ವ್ಯತ್ಯಾಸ ಕಾಣಿಸುವುದಿಲ್ಲ. ಅವಳಿಗೆ ಒಂಬತ್ತು ದಿನ ಹಿಡಿಯಿತು. ಮಂಗಳವಾರ ಸಂಜೆ ಬೇಕರಿಯ ಕೌಂಟರಿನ ಕೆಲಸ ಮುಗಿಸಿ ಬಂದವಳು, ಅವನ ಬಲಗಡೆ ಕೂತು ಹತ್ತು ನಿಮಿಷ ಮಾತಾಡಿದಳು. ಅನುಮಾನ ಬಂತು.

"ರೀ, ನಾಳೆಯಿಂದ ನಾನು ಈ ಮನೇಲಿ ಇರಲ್ಲ."

"ಹೂಂ."

"ನಿಮ್ಮನ್ನ ಬಿಟ್ಟು ಹೋಗ್ತೀನಿ."

"ಹೂಂ, ಹಾಗೇ ಮಾಡು."

ಅವಳು ಎದುರಿಗೆ ಬಂದು ಗದ್ದ ಹಿಡಿದು ಮುಖ ಎತ್ತಿದಳು. "ನಿಮ್ಗೆ ಈ ಕಡೆ ಕಿವಿ ಕೇಳಿಸ್ತಿಲ್ಲ. ಯಾವತ್ತಿಂದ?"

"ನಿನ್ನೆಯಿಂದ," ಎಂದುಬಿಟ್ಟ.

ಮರುದಿನವೇ ಕಿವಿ ಡಾಕ್ಟರ ಹತ್ತಿರ ಹೋಗಬೇಕೆಂದು ತೀರ್ಪಾಯಿತು. ಅವಳಿಗೆ ರಜೆಯಿರಲಿಲ್ಲ. "ತಮ್ಮ ಕರ್ಕೊಂಡು ಹೋಗ್ತಾನೆ. ಹೇಗೂ ಮನೇಲಿ ಖಾಲಿ ಕೂತಿದ್ದಾನೆ," ಎಂದಳು. ಅವನು ಏಕೆ ಖಾಲಿ ಕೂತಿದ್ದಾನೆಂದು ಪಾತಾಳಣ್ಣನಿಗೆ ಯಾರೂ ನೆನಪಿಸಬೇಕಿರಲಿಲ್ಲ.

ಡಾಕ್ಟರು ನರೆಗೂದಲಿನ ಹೆಂಗಸು. ಮೊದಲು ಕಿವಿ ಪರೀಕ್ಷೆ ಆಗಬೇಕೆಂದು ಗೋಡೆಗೆಲ್ಲ ಮೆತ್ತೆ ಹೊಡೆದಿದ್ದ ಒಂದು ಸಣ್ಣ ಕೋಣೆಗೆ ಕಳಿಸಿದರು. ಕಿವಿಗೆ ಹೆಡ್‌ಫೋನು, ಕೈಗೆ ಒಂದು ಗುಂಡಿ. ಬೀಪ್ ಕೇಳಿಸಿದಾಗಲೆಲ್ಲ ಒತ್ತಬೇಕು. ಇಪ್ಪತ್ತೆರಡು ವರ್ಷ ಕೇಳಿಯೇ ಅನ್ನ ಸಂಪಾದಿಸಿದವನಿಗೆ ಕೇಳುವುದರಲ್ಲಿ ಫೇಲಾಗಲು ಮನಸ್ಸು ಬರಲಿಲ್ಲ. ಅಂದಾಜಿನ ಮೇಲೆ ಒತ್ತತೊಡಗಿದ. ಗಾಜಿನ ಆಚೆ ಕೂತಿದ್ದ ಪರೀಕ್ಷೆಯ ಹುಡುಗಿ ಬಾಗಿಲು ತೆಗೆದು ತಲೆ ಹಾಕಿದಳು.

"ಅಂಕಲ್, ನಾನಿನ್ನೂ ಶಬ್ದವೇ ಹಾಕಿಲ್ಲ. ಆಗಲೇ ಆರು ಸಲ ಒತ್ತಿದ್ರಿ."

ಫಲಿತಾಂಶದ ಕಾಗದದಲ್ಲಿ ಎಡಗಿವಿಯ ಗೆರೆ ಮೇಲೆ ನೆಟ್ಟಗೆ ಹೋಗಿತ್ತು. ಬಲಗಿವಿಯದು ಮೆಟ್ಟಿಲಿಂದ ಜಾರಿ ಬಿದ್ದಂತೆ ಕೆಳಗೆ ಹೋಗಿ ಅಲ್ಲೇ ಮಲಗಿತ್ತು. ಒಳಗಿವಿಯ ನರಕ್ಕೆ ಏನೋ ಆಗಿ ಹೀಗೆ ಒಮ್ಮೆಗೇ ಕೇಳಿಸದಾಗುವುದುಂಟು, ಕಾರಣ ಬಹಳ ಸಲ ತಿಳಿಯುವುದೇ ಇಲ್ಲ, ಒಳಗಿನ ಸುಯ್ ಕೂಡ ಅದರ ಜೊತೆಯಲ್ಲೇ ಬರುತ್ತದೆ ಎಂದರು ಡಾಕ್ಟರು. ಪೆನ್ನು ತೆಗೆದರು.

"ಶುರುವಾಗಿ ಎಷ್ಟು ದಿನ ಆಯ್ತು? ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಈ ಕಾಯಿಲೇಲಿ ದಿನದ ಲೆಕ್ಕವೇ ಮುಖ್ಯ."

ಪಕ್ಕದ ಕುರ್ಚಿಯಲ್ಲಿ ಬಾಮೈದ ಕೂತಿದ್ದ. ಹತ್ತು ದಿನ ಎಂದರೆ ಸಾಕು, ಅವನು ಬೆರಳು ಮಡಿಸಿ ಆ ಸೋಮವಾರಕ್ಕೆ ಬಂದು ನಿಲ್ಲುತ್ತಾನೆ. ಗುಂಡಿಯ ದಿನ ಭಾವನಿಗೆ ಕಿವಿಯೇ ಇರಲಿಲ್ಲ ಎಂದು ಗೊತ್ತಾಗುತ್ತದೆ. ಆಮೇಲೆ ಬಾಣ ಅಲ್ಲಿಗೆ ಹೇಗೆ ಹೋಯಿತೆಂಬುದೂ.

"ಮೊನ್ನೆಯಿಂದ," ಎಂದ ಪಾತಾಳಣ್ಣ.

"ಒಳ್ಳೇದಾಯ್ತು, ಬೇಗ ಬಂದ್ರಿ. ಎಷ್ಟೋ ಜನ ಮೇಣ ಕಟ್ಟಿದೆ ಅಂತ ಎಣ್ಣೆ ಬಿಟ್ಕೊಂಡು ತಿಂಗಳು ಕಳೀತಾರೆ. ಹಳೇದಾಗಿದ್ರೆ ಇವತ್ತಿಂದಲೇ ಕಿವಿಯೊಳಗೆ ಸ್ಟೆರಾಯ್ಡ್ ಇಂಜೆಕ್ಷನ್ ಶುರು ಮಾಡ್ತಿದ್ದೆ. ಎರಡೇ ದಿನ ಆಗಿರೋದಲ್ವಾ, ಮೊದಲು ಮಾತ್ರೆ ಕೊಡ್ತೀನಿ. ಶನಿವಾರ ಬನ್ನಿ."

"ನೋಡಿದ್ರಾ ಭಾವ, ಬೇಗ ಬಂದಿದ್ದು ಒಳ್ಳೇದಾಯ್ತು," ಎಂದು ಬಾಮೈದ ದಾರಿಯುದ್ದಕ್ಕೂ ಹೇಳಿದ. ರಸ್ತೆ ದಾಟುವಾಗ ಬಲಗಡೆಯಿಂದ ಬರುವ ಗಾಡಿ ಕೇಳಿಸುವುದಿಲ್ಲವೆಂದು ಭಾವನ ಬಲತೋಳು ಹಿಡಿದುಕೊಂಡೇ ನಡೆದ.

ಮಾತ್ರೆಗಳು ಹಸಿವೆ ಕೊಟ್ಟವು, ನಿದ್ದೆ ತೆಗೆದವು, ಕಿವಿಯನ್ನು ಮಾತ್ರ ಮುಟ್ಟಲಿಲ್ಲ. ಪಾತಾಳಣ್ಣ ಎರಡು ಕ್ಯಾಲೆಂಡರ್ ಇಟ್ಟುಕೊಂಡು ಬದುಕುತ್ತಿದ್ದ. ಡಾಕ್ಟರ ಲೆಕ್ಕದಲ್ಲಿ ನಾಲ್ಕನೆಯ ದಿನವಾದರೆ ಅವನ ಲೆಕ್ಕದಲ್ಲಿ ಹನ್ನೊಂದು. ಎರಡು ವಾರದೊಳಗೆ ಚಿಕಿತ್ಸೆ ಹತ್ತಿದರೆ ಆಸೆ ಹೆಚ್ಚು, ದಿನ ಕಳೆದಂತೆ ಕಡಿಮೆ ಎಂದು ಆಸ್ಪತ್ರೆಯ ಗೋಡೆಯ ಮೇಲೆ ಓದಿ ಬಂದಿದ್ದ. ಒಬ್ಬನೇ ಹೋಗಿ ಡಾಕ್ಟರಿಗೆ ಹೇಳಿಬಿಡಬಹುದಿತ್ತು. ಒಂದು ದಿನ ಗೇಟಿನವರೆಗೆ ಹೋಗಿಯೂ ಹೋದ. ಅಲ್ಲಿ ಬಾಮೈದ ನಿಂತಿದ್ದ. ಭಾವನ ಮಾತ್ರೆ ಮುಗಿಯುತ್ತಾ ಬಂತೆಂದು ಔಷಧಿ ಅಂಗಡಿಯಲ್ಲಿ ಕೇಳಲು ಬಂದಿದ್ದನಂತೆ. ಒಬ್ಬ ಮನುಷ್ಯ ಇಷ್ಟು ಒಳ್ಳೆಯವನಾಗಿರುವುದು ಇನ್ನೊಬ್ಬನಿಗೆ ಎಂಥ ಕಿರುಕುಳ ಎಂದು ಪಾತಾಳಣ್ಣನಿಗೆ ಸಿಟ್ಟೇ ಬಂತು.

ಶನಿವಾರ ಮತ್ತೆ ಅದೇ ಎರಡು ಕುರ್ಚಿ. ಮತ್ತೆ ಪರೀಕ್ಷೆ, ಮತ್ತೆ ಅದೇ ಬಿದ್ದ ಗೆರೆ.

"ಬದಲಾವಣೆ ಇಲ್ಲ," ಎಂದರು ಡಾಕ್ಟರು. "ಆದ್ರೂ ಚಿಂತೆ ಬೇಡ. ಇನ್ನೂ ಆರನೇ ದಿನ, ನಮಗೆ ಸಮಯ ಇದೆ. ಇನ್ನೊಂದು ವಾರ ಮಾತ್ರೆ ತಗೊಳ್ಳಿ, ಆಗಲೂ ಹೀಗೇ ಇದ್ರೆ ಇಂಜೆಕ್ಷನ್ ಕೊಡೋಣ."

ಇನ್ನೊಂದು ವಾರ! ಕಿವಿಯೊಳಗೆ ಸುಯ್ ಎಂದು ಹರಿದುಹೋಗುತ್ತಿದ್ದುದು ನೀರಲ್ಲ, ದಿನಗಳು ಎಂದು ಪಾತಾಳಣ್ಣನಿಗೆ ಅನಿಸಿತು.

"ಡಾಕ್ಟ್ರೇ, ಆರಲ್ಲ."

"ಏನು ಆರಲ್ಲ?"

"ದಿನ. ಇವತ್ತಿಗೆ ಹದಿಮೂರು. ಹೋದ ವಾರದ ಸೋಮವಾರ ಬೆಳಿಗ್ಗೆ ಏಳುವಾಗಲೇ ಹೋಗಿತ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಮತ್ತೆ ಮೊನ್ನೆ ಯಾಕ್ರೀ ಸುಳ್ಳು ಹೇಳಿದ್ರಿ? ನಾಚಿಕೆನಾ?"

"ಹೂಂ," ಎಂದ. ಪ್ರಶ್ನೆ ಪೂರ್ತಿ ಕೇಳಿಸಿಕೊಂಡು ಹೇಳಿದ ಹೂಂ ಅದು.

"ಕಿವಿ ಕೆಟ್ಟರೆ ನಾಚಿಕೆ ಯಾಕೆ? ಎಂಥ ಜನರಪ್ಪ ನೀವು!" ಎಂದು ಅವರು ಎದ್ದು ನರ್ಸನ್ನು ಕರೆಯಲು ಹೋದರು.

ಪಕ್ಕದಲ್ಲಿ ಬಾಮೈದ ತೊಡೆಯ ಮೇಲೆ ಬೆರಳು ಮಡಿಸುತ್ತಿದ್ದ. ಶನಿವಾರ, ಶುಕ್ರವಾರ, ಗುರುವಾರ ಎಂದು ಹಿಂದಕ್ಕೆ ಹೋಗಿ ಹೋಗಿ ಒಂದು ಕಡೆ ನಿಂತ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಪಾತಾಳಣ್ಣನಿಗೆ ಅವನತ್ತ ತಿರುಗುವ ಧೈರ್ಯವಾಗಲಿಲ್ಲ. ಬಾಮೈದನ ಕೆಲಸ ಹೋಗುವಾಗ ತೆರೆಯದ ಬಾಯಿ ತನ್ನ ಕಿವಿ ಹೋಗುತ್ತದೆ ಎಂದಾಗ ತೆರೆದುಕೊಂಡಿತ್ತು. ಇದು ಇಬ್ಬರಿಗೂ ಗೊತ್ತಾಗಿತ್ತು.

ಇಂಜೆಕ್ಷನ್ ಅಂದೇ ಆಯಿತು. ಕಿರಿದಾದ ಮಂಚದ ಮೇಲೆ ತಲೆಯನ್ನು ಎಡಕ್ಕೆ ಹೊರಳಿಸಿ, ಬಲಗಿವಿ ಮೇಲೆ ಬರುವಂತೆ ಮಲಗಿಸಿದರು. ಮೊದಲು ಮರಗಟ್ಟಿಸುವ ಔಷಧ ಹಚ್ಚಿ ಸ್ವಲ್ಪ ಹೊತ್ತು ಕಾಯಿಸಿದರು. ಆಮೇಲೆ ಡಾಕ್ಟರು ದೊಡ್ಡ ದುರ್ಬೀನಿನಂಥದೊಂದನ್ನು ಕಿವಿಯ ಮೇಲೆ ತಂದು ನಿಲ್ಲಿಸಿ, ಉದ್ದನೆಯ ಸಣ್ಣ ಸೂಜಿಯನ್ನು ಕಿವಿಯ ತಮಟೆಯ ಮೂಲಕ ಒಳಗೆ ಇಳಿಸಿದರು. ಒಂದು ಚಳುಕು, ಆಮೇಲೆ ಕಿವಿಯೊಳಗೆ ತಣ್ಣಗೆ ಏನೋ ತುಂಬಿದಂತಾಯಿತು. ಮಂಚ ಒಂದು ಸುತ್ತು ತಿರುಗಿದಂತಾಗಿ ನಿಂತಿತು. ಭೂಮಿಗೆ ಕೋಲು ಊರುತ್ತಿದ್ದವನ ಕಿವಿಗೇ ಈಗ ಕೋಲು ಊರಿದ್ದರು.

"ಅರ್ಧ ಗಂಟೆ ಹೀಗೇ ಇರ್ಬೇಕು," ಎಂದರು ಡಾಕ್ಟರು, ಅವನ ಕಣ್ಣೆದುರು ಬಗ್ಗಿ. "ಮಾತಾಡಬೇಡಿ. ಉಗುಳು ನುಂಗಬೇಡಿ, ಔಷಧ ಗಂಟಲಿಗೆ ಇಳಿದುಹೋಗುತ್ತೆ. ಬಾಯಿಗೆ ಬಂದ್ರೆ ಇದಕ್ಕೆ ಉಗೀರಿ." ಕೈಗೊಂದು ಬಟ್ಟಲು ಕೊಟ್ಟು ಹೋದರು.

ಎಡಗಿವಿ ದಿಂಬಿನಲ್ಲಿ ಹೂತಿತ್ತು. ಬಲಗಿವಿ ಔಷಧ ತುಂಬಿಕೊಂಡು ಸೂರು ನೋಡುತ್ತಿತ್ತು. ಲೋಕದ ಸದ್ದೆಲ್ಲ ನಿಂತುಹೋಗಿತ್ತು. ಬಾಮೈದ ಸ್ಟೂಲು ಎಳೆದುಕೊಂಡು ಬಂದು ತಲೆಯ ಹಿಂದೆ ಕೂತದ್ದು ಮಂಚ ಅಲುಗಿದ್ದರಿಂದ ಗೊತ್ತಾಯಿತು. ಆಮೇಲೆ ಬಲಗೆನ್ನೆಗೆ ಬಿಸಿ ಉಸಿರು ತಾಗಿತು. ಬಾಮೈದ ಬಗ್ಗಿ ಆ ಕಿವಿಯ ಹತ್ತಿರ ಮಾತಾಡುತ್ತಿದ್ದ. ಉಸಿರು ಒಮ್ಮೆ ಜೋರಾಗಿ, ಒಮ್ಮೆ ನಿಧಾನವಾಗಿ ಬಡಿಯುತ್ತಿತ್ತು. ಬಹಳ ಹೊತ್ತು ಬಡಿಯಿತು. ಬೈಯುತ್ತಿದ್ದಾನೋ, ಅಳುತ್ತಿದ್ದಾನೋ, ಕ್ಷಮಿಸುತ್ತಿದ್ದಾನೋ ಪಾತಾಳಣ್ಣನಿಗೆ ಒಂದಕ್ಷರ ಕೇಳಿಸಲಿಲ್ಲ. ತಿರುಗುವಂತಿಲ್ಲ, ಏನೆಂದು ಕೇಳುವಂತಿಲ್ಲ. ಬಾಯಲ್ಲಿ ನೀರು ತುಂಬಿ ಗಲ್ಲದಿಂದ ಬಟ್ಟಲಿಗೆ ಸೋರುತ್ತಿತ್ತು. ಒಂದು ಹಂತದಲ್ಲಿ ಮಂಚದ ಕಬ್ಬಿಣಕ್ಕೆ ಬಾಮೈದ ಗುದ್ದಿದ. ಅದು ಮಾತ್ರ ದಿಂಬಿನ ಮೂಲಕ ಎಡಗಿವಿಗೆ ತಲುಪಿತು.

ಅರ್ಧ ಗಂಟೆಯ ನಂತರ ಎದ್ದು, ತಲೆ ತಿರುಗಿ ಗೋಡೆ ಹಿಡಿದುಕೊಂಡ. ಬಾಮೈದ ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ.

"ಏನಂದ್ಯೋ ಆಗ?"

"ಹೇಳಬೇಕಾದ್ದು ಹೇಳಿ ಆಯ್ತು."

"ನನಗೇನೂ ಕೇಳಿಸ್ಲಿಲ್ಲ ಕಣೋ."

"ಗೊತ್ತು. ಅದಕ್ಕೇ ಆ ಕಿವೀಗೆ ಹೇಳಿದ್ದು."

ಮನೆಯವರೆಗೆ ಅವನು ಹತ್ತು ಹೆಜ್ಜೆ ಮುಂದೆಯೇ ನಡೆದ. ರಸ್ತೆ ದಾಟುವ ಕಡೆ ಮಾತ್ರ ನಿಂತು, ತಿರುಗಿ ನೋಡದೆ ಕಾಯುತ್ತಿದ್ದ.

ಕಿವಿಯ ಕಥೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ವಾರಕ್ಕೊಂದರಂತೆ ಒಟ್ಟು ನಾಲ್ಕು ಇಂಜೆಕ್ಷನ್ ಆದವು. ಸುಮಾರು ಅರ್ಧದಷ್ಟು ಮರಳಿ ಬಂತು. ಫೋನಿನಲ್ಲಿ ಮಾತು ತಿಳಿಯುತ್ತದೆ, ಹಿಂದಿನಿಂದ ಬರುವ ಸ್ಕೂಟರ್ ತಿಳಿಯುತ್ತದೆ. ನೆಲದೊಳಗಿನ ನೀರು ತಿಳಿಯುವುದಿಲ್ಲ. ಮೊದಲೇ ನಿಜ ಹೇಳಿದ್ದರೆ ಇನ್ನೂ ಬರುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದ. ಹೇಳಲಾಗದು ಎಂದರು ಅವರು. ಆ ಉತ್ತರ ಅವನಿಗೆ ಸಮಾಧಾನವೂ ಆಗಲಿಲ್ಲ, ಶಿಕ್ಷೆಯೂ ಆಗಲಿಲ್ಲ.

ಇನ್ನು ಆ ಮೊದಲ ಇಂಜೆಕ್ಷನ್ನಿನ ನಂತರದ ಸೋಮವಾರ. ಅಮಾನತಾದವರು ವಾರಕ್ಕೊಮ್ಮೆ ಕಚೇರಿಗೆ ಬಂದು ಸಹಿ ಹಾಕಬೇಕು. ಬಾಮೈದ ಸಹಿ ಹಾಕಲು ಇಂಜಿನಿಯರ್ ಸಾಹೇಬರ ಕೋಣೆಗೆ ಹೋದಾಗ ಪಾತಾಳಣ್ಣ ಹಿಂದೆಯೇ ಒಳಹೊಕ್ಕ. ಎರಡು ದಿನ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಬಾಗಿಲಲ್ಲೇ ಉದುರಿಹೋಗಿ, ಕೊನೆಗೆ ಉಳಿದದ್ದು ಇಷ್ಟೇ: "ಸಾರ್, ಇವನದು ತಪ್ಪಿಲ್ಲ. ಆವತ್ತು ನನಗೆ ಕಿವಿ ಕೇಳಿಸ್ತಿರಲಿಲ್ಲ."

ಸಾಹೇಬರು ಆಸ್ಪತ್ರೆಯ ಕಾಗದ ನೋಡಿದರು. ಅವರು ಕೆಟ್ಟವರಲ್ಲ, ಹೊಸ ಗಲಾಟೆ ಅವರಿಗೆ ಬೇಕಿರಲಿಲ್ಲ.

"ಹಾಗಾದ್ರೆ ಇದು ಕಾಯಿಲೆ ಕಣ್ರೀ. ಯಾರ ತಪ್ಪೂ ಅಲ್ಲ. ಅನಾರೋಗ್ಯದಿಂದ ಗುರುತು ತಪ್ಪಿತು ಅಂತ ಎರಡು ಸಾಲು ಬರ್ಕೊಡಿ. ಇವನ ಮೆಮೊ ವಾಪಸ್ ತಗೋತೀನಿ. ನಿಮ್ಮ ಹೆಸರಿಗೂ ಕುಂದಿಲ್ಲ. ಮುಗೀತಲ್ಲ?"

ಎಷ್ಟು ಮೆತ್ತಗಿನ ಬಾಗಿಲು! ತಳ್ಳಿದರೆ ತೆರೆದುಕೊಳ್ಳುತ್ತಿತ್ತು. ಪಾತಾಳಣ್ಣ ಕಾಗದ ತೆಗೆದುಕೊಂಡ, ಪೆನ್ನು ತೆಗೆದುಕೊಂಡ. ಬಾಮೈದ ಕಿಟಕಿಯ ಹೊರಗೆ ನೋಡುತ್ತಿದ್ದ. ಏನನ್ನೂ ಬೇಡುತ್ತಿರಲಿಲ್ಲ. ಬಾಣದ ವಿಷಯ ತಾನಾಗಿ ಎತ್ತುವವನೂ ಅಲ್ಲ ಎಂಬುದು ಆ ಬೆನ್ನಿನಿಂದಲೇ ತಿಳಿಯುತ್ತಿತ್ತು.

"ಸಾರ್, ಗುರುತು ತಪ್ಪಿಸಿದ್ದು ಕಿವಿ," ಎಂದ ಪಾತಾಳಣ್ಣ. "ಆಮೇಲೆ ಬಾಣ ಅಳಿಸಿದ್ದು ಕಾಲು. ಬೇರೆ ಕಡೆ ಹಾಕಿದ್ದು ಕೈ. ಕೈಕಾಲಿಗೆ ನನಗೆ ಯಾವ ಕಾಯಿಲೆಯೂ ಇಲ್ಲ."

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಸಾಹೇಬರು ಅವನ ಮುಖವನ್ನು, ಆಮೇಲೆ ಯಾಕೋ ಅವನ ಚಪ್ಪಲಿಯನ್ನು ನೋಡಿದರು. "ಅದನ್ನೂ ಬರೀಬೇಕಾಗುತ್ತೆ," ಎಂದರು ಮೆಲ್ಲಗೆ. ಅವನು ಅದನ್ನೂ ಬರೆದ. ಸ್ವಂತ ಅಕ್ಷರದಲ್ಲಿ ನೋಡಿದಾಗ ಕಿವಿಯವರೆಗೂ ಬಿಸಿಯೇರಿತು, ಎರಡು ಕಿವಿಗೂ.

ಬಾಮೈದನ ಅಮಾನತು ಅಂದೇ ರದ್ದಾಯಿತು. ಪಾತಾಳಣ್ಣನನ್ನು ಉಗ್ರಾಣಕ್ಕೆ ಹಾಕಿದರು. ಸ್ಪ್ಯಾನರು ಎಣಿಸಿ ಕೊಡುವ ಕೆಲಸ, ಎಣಿಸಿ ವಾಪಸು ಪಡೆಯುವ ಕೆಲಸ. ಸಂಜೆಯ ಹೊತ್ತಿಗೆ ಗ್ಯಾಂಗಿನವರಿಗೆಲ್ಲ ಸುದ್ದಿ ತಿಳಿದಿತ್ತು. ಯಾರೂ ಹೀಯಾಳಿಸಲಿಲ್ಲ. ಅವನು ಬಂದಾಗ ಮಾತು ನಿಲ್ಲಿಸಿ ಬೀಡಿ ಹಚ್ಚಿಕೊಂಡರು. ಹೀಯಾಳಿಸಿದ್ದರೆ ವಾಸಿಯಿತ್ತು.

ಗೇಟಿನ ಹೊರಗೆ ಬಾಮೈದ ಸೈಕಲ್ ಹಿಡಿದು ನಿಂತಿದ್ದ. ಎರಡು ದಿನದ ನಂತರ ಬಾಯಿ ತೆರೆದು ಅವನಾಡಿದ ಮೊದಲ ಮಾತು:

"ಅಕ್ಕನಿಗೆ ನೀವು ಹೇಳ್ತೀರೋ, ನಾನು ಹೇಳಲೋ?"

ಅಕ್ಕ ಎರಡು ವಾರದಿಂದ ಈ ತಮ್ಮನನ್ನು ಸರಿಯಾಗಿ ಊಟಕ್ಕೂ ಕರೆದಿರಲಿಲ್ಲ. ಗಂಡನ ಹೆಸರಿಗಾಗಿ, ಒಡಹುಟ್ಟಿದವನನ್ನು ನೆರೆಹೊರೆಯವರೆದುರೂ ಅಂದಿದ್ದಳು.

"ನಾನೇ ಹೇಳ್ತೀನಿ."

"ಮನೆಗೆ ಬರಲಿ ಅಂತ ಕಾಯ್ಬೇಡಿ. ಮನೇಲಾದ್ರೆ ನೀವು ಹೇಳಲ್ಲ."

ಬೇಕರಿಯಲ್ಲಿ ಸಂಜೆಯ ನೂಕುನುಗ್ಗಲು. ಹೆಂಡತಿ ಬಿಳಿ ಟೊಪ್ಪಿ ಹಾಕಿಕೊಂಡು ಬ್ರೆಡ್ಡು ಕತ್ತರಿಸಿ ಕಾಗದದ ಚೀಲಕ್ಕೆ ತುಂಬುತ್ತಿದ್ದಳು. ಪಾತಾಳಣ್ಣ ಸಾಲಿನ ಕೊನೆಗೆ ಹೋಗಿ ನಿಂತ. ಅವನ ಮುಂದೆ ಐವರಿದ್ದರು. ಅವನ ಸರದಿ ಹತ್ತಿರ ಬಂದಾಗ ಹಿಂದಿದ್ದ ಮುದುಕಿಗೆ "ನೀವು ಮೊದಲು ಹೋಗಿ" ಎಂದ. ಆಮೇಲೆ ಮಗು ಎತ್ತಿಕೊಂಡಿದ್ದ ಒಬ್ಬಳಿಗೆ. ಆಮೇಲೆ, ಯಾವ ಕಾರಣವೂ ಇಲ್ಲದೆ, ಗಟ್ಟಿಮುಟ್ಟಾದ ಒಬ್ಬ ಪೊಲೀಸಿನವನಿಗೆ. ಇನ್ನು ಮುಂದೆ ಹೋಗಲು ಯಾರೂ ಒಪ್ಪದಿದ್ದಾಗ ಕೌಂಟರಿನ ಎದುರು ತಾನೇ ನಿಂತಿದ್ದ.

"ಏನು ಕೊಡ್ಲಿ?" ಎಂದಳು ತಲೆಯೆತ್ತದೆ. ಎತ್ತಿ ನೋಡಿ ನಕ್ಕಳು. "ಅಯ್ಯೋ, ನೀವಾ! ಇಲ್ಲಿಗ್ಯಾಕೆ ಬಂದ್ರಿ?"

"ನಿನ್ನ ತಮ್ಮ ನಾನು ತೋರಿಸಿದ ಜಾಗದಲ್ಲೇ ಅಗೆದಿದ್ದ," ಎಂದ. "ಬಾಣ ಅಳಿಸಿದ್ದು ನಾನು."

ಅವಳ ಕೈಯಲ್ಲಿದ್ದ ಚೀಲ ಹಾಗೇ ನಿಂತಿತು. ನಗು ಮುಖದಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಚೀಲದ ಬಾಯಿಯನ್ನು ಎರಡು ಸಲ ಮಡಿಸಿ ಪಕ್ಕಕ್ಕಿಟ್ಟಳು, ಕೈ ಒರೆಸಿಕೊಂಡಳು, ಸಾಲಿನಲ್ಲಿದ್ದ ಜನರನ್ನು ಒಮ್ಮೆ ನೋಡಿದಳು.

"ನನಗೆ ಕೇಳಿಸ್ಲಿಲ್ಲ," ಎಂದಳು. "ಸ್ವಲ್ಪ ಜೋರಾಗಿ ಹೇಳಿ."

ಕೇಳಿಸಿದೆ ಎಂದು ಅವನಿಗೆ ಗೊತ್ತಿತ್ತು. ಎರಡನೆಯ ಸಲ, ಒಲೆಯ ಹತ್ತಿರ ಕೆಲಸ ಮಾಡುತ್ತಿದ್ದವರಿಗೂ ಕೇಳುವಂತೆ ಹೇಳಿದ.